ಕವಣೆ, ಮಣಿಕಟ್ಟು ಮತ್ತು ಗಾಲ್ಫ್ ಕ್ಲಬ್‌ಹೆಡ್ ವೇಗ

ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಅಥಣಿ, ಬೈಲಹೊಂಗಲ ಕಡೆಯ ಹೊಲಗಳಲ್ಲಿ ಹಕ್ಕಿ ಕಾಯಲು ಕವಣೆ ಬೀಸುವವರ ಕೈಯನ್ನು ಗಮನವಿಟ್ಟು ನೋಡಿ. ಕಲ್ಲಿಗೆ ವೇಗ ಬರುವುದು ಬೆರಳಿನಿಂದಲ್ಲ. ಮೊದಲು ಮೈ ತಿರುಗುತ್ತದೆ, ಅದರ ಹಿಂದೆ ಭುಜ, ಅದರ ಹಿಂದೆ ಕೈ. ಕೈ ಒಂದು ಜಾಗಕ್ಕೆ ಬಂದು ನಿಧಾನವಾಗುತ್ತಿದ್ದಂತೆ, ಅಲ್ಲಿಯವರೆಗೂ ಹಿಂದೆ ಎಳೆಯುತ್ತಿದ್ದ ಹಗ್ಗ ಮತ್ತು ಕಲ್ಲು ಕೈಯನ್ನು ದಾಟಿ ಮುಂದೆ ನುಗ್ಗುತ್ತವೆ. ಬಾರುಕೋಲು ಚಟ್ಟನೆ ಸದ್ದು ಮಾಡುವುದೂ ಹೀಗೆಯೇ. ಗಾಲ್ಫ್ ಸ್ವಿಂಗ್‌ನಲ್ಲಿ, ಅಂದರೆ ಚೆಂಡು ಹೊಡೆಯಲು ಕ್ಲಬ್ (ಗಾಲ್ಫ್ ಕೋಲು) ಬೀಸುವಾಗ, ‘ರಿಲೀಸ್’ ಅಂತ ಕರೆಯುವುದು ಇದನ್ನೇ. ಒಂದು ವ್ಯತ್ಯಾಸ ಮಾತ್ರ ಇದೆ: ಕವಣೆಯಲ್ಲಿ ಹಗ್ಗದ ಒಂದು ತುದಿಯನ್ನು ನಿಜಕ್ಕೂ ಬಿಟ್ಟುಬಿಡುತ್ತೇವೆ, ಗಾಲ್ಫ್‌ನಲ್ಲಿ ಏನನ್ನೂ ಬಿಡುವುದಿಲ್ಲ. ಎಡಗೈಗೂ ಶಾಫ್ಟ್‌ಗೂ (ಕ್ಲಬ್‌ನ ಉದ್ದನೆಯ ದಂಡಕ್ಕೂ) ನಡುವೆ ಮಡಚಿಕೊಂಡಿದ್ದ ಕೋನ ಬಿಚ್ಚಿಕೊಳ್ಳುವುದು, ಅದರ ಜೊತೆಗೆ ಮುಂಗೈ ಹೊರಳಿ ಕ್ಲಬ್‌ನ ಮುಖ ಚೆಂಡಿಗೆ ನೇರವಾಗುವುದು, ಇವೆರಡೂ ಸೇರಿ ರಿಲೀಸ್. (ಇಲ್ಲಿ ಬರೆದಿರುವುದೆಲ್ಲ ಬಲಗೈಯವರಿಗೆ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಂಡು ಓದಬೇಕು.)

ಬೆಳಗಾವಿಯ ಕ್ಯಾಂಪ್ ಕಡೆಯ ಮೈದಾನದಲ್ಲಾಗಲಿ, ಮನೆಯ ಟೆರೇಸಿನಲ್ಲಿ ನೆಟ್ ಕಟ್ಟಿಕೊಂಡಾಗಲಿ ಹೊಸದಾಗಿ ಕಲಿಯುವವರಿಗೆ ಮೊದಲು ಸಿಗುವ ಸಲಹೆ ಒಂದೇ: ‘ಲ್ಯಾಗ್ ಹಿಡಿದಿಡು, ಕೊನೆಯಲ್ಲಿ ಮಣಿಕಟ್ಟು ಬಿಡು.’ ಲ್ಯಾಗ್ ಅಂದರೆ ಕೈ ಮುಂದೆ ಬರುವಾಗ ಕ್ಲಬ್ ಹಿಂದೆ ಉಳಿದು ಆ ಕೋನ ಮಡಚಿಕೊಂಡೇ ಇರುವುದು. ಈ ಸಲಹೆಯ ಮೊದಲ ಅರ್ಧದಲ್ಲಿ ಸತ್ಯವಿದೆ. ಎರಡನೆಯ ಅರ್ಧವೇ ಬಹಳ ಜನರ ವೇಗವನ್ನು ಕೆಡಿಸುತ್ತಿದೆ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಡ್ರೈವರ್‌ನ (ದೂರ ಹೊಡೆಯುವ ಅತಿ ಉದ್ದದ ಕ್ಲಬ್‌ನ) ತಲೆ, ಅಂದರೆ ಕ್ಲಬ್‌ಹೆಡ್, ಗಂಟೆಗೆ 100 ಮೈಲಿ ವೇಗದಲ್ಲಿ, ಅಂದರೆ ಸೆಕೆಂಡಿಗೆ 44.7 ಮೀಟರ್‌ನಂತೆ ಚೆಂಡಿಗೆ ಬರುತ್ತಿದೆ ಅಂದುಕೊಳ್ಳಿ. ಆ ಹೊತ್ತಿಗೆ ಕೈಗಳ ವೇಗ ಸೆಕೆಂಡಿಗೆ ಸುಮಾರು 8 ಮೀಟರ್ ಇದ್ದರೆ, ಉಳಿದ 36-37 ಮೀಟರ್ ಬರಬೇಕಾದದ್ದು ಕೈಯ ಸುತ್ತ ಕ್ಲಬ್ ತಿರುಗುವುದರಿಂದ. ಕೈಯಿಂದ ತಲೆಯವರೆಗೆ ಒಂದು ಮೀಟರಿಗಿಂತ ತುಸು ಹೆಚ್ಚು ದೂರ. ಹಾಗಾದರೆ ಕ್ಲಬ್ ಸೆಕೆಂಡಿಗೆ ಸುಮಾರು 2000 ಡಿಗ್ರಿ ವೇಗದಲ್ಲಿ ತಿರುಗುತ್ತಿದೆ. ಈ ಲೆಕ್ಕದಲ್ಲಿ ರಿಲೀಸ್ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಮುಂಚೆ ಆದರೆ ಕ್ಲಬ್ 20 ಡಿಗ್ರಿ ಮುಂದೆ ಹೋಗಿರುತ್ತದೆ. ಅದರ ಅರ್ಧದಷ್ಟು ತಪ್ಪಿದರೂ 10 ಡಿಗ್ರಿ. ಶಾಫ್ಟ್ ಅಷ್ಟು ಹಿಂದಕ್ಕೆ ವಾಲಿದರೆ ಲಾಫ್ಟ್ (ಕ್ಲಬ್‌ನ ಮುಖ ಮೇಲಕ್ಕೆ ವಾಲಿರುವ ಕೋನ) 10.5 ಡಿಗ್ರಿ ಇರುವ ಡ್ರೈವರ್ ಹೆಚ್ಚುಕಡಿಮೆ 20 ಡಿಗ್ರಿಯ ಕೋಲಾಗಿ ಚೆಂಡನ್ನು ಮುಟ್ಟುತ್ತದೆ. ಇನ್ನು ನಮ್ಮ ಕಣ್ಣು-ಕೈಗಳ ಪ್ರತಿಕ್ರಿಯೆಗೇ ಸುಮಾರು 0.2 ಸೆಕೆಂಡು ಬೇಕು. ಇಡೀ ಡೌನ್‌ಸ್ವಿಂಗ್ (ಮೇಲಿನಿಂದ ಚೆಂಡಿನವರೆಗೆ ಇಳಿಯುವ ಬೀಸು) ಮುಗಿಯುವುದು ಸುಮಾರು ಕಾಲು ಸೆಕೆಂಡಿನಲ್ಲಿ. ‘ಈಗ ಬಿಡಬೇಕು’ ಎಂದು ಮೆದುಳು ಹೇಳುವಷ್ಟರಲ್ಲಿ ಚೆಂಡು ಹೋಗಿಯಾಗಿರುತ್ತದೆ.

ಆದ್ದರಿಂದ ರಿಲೀಸ್‌ನ ಹೊತ್ತನ್ನು ಮಣಿಕಟ್ಟಿನಿಂದ ನಿಯಂತ್ರಿಸಲು ಸಾಧ್ಯವಿಲ್ಲ. ಅದು ತಾನಾಗಿಯೇ ಸರಿಯಾದ ಹೊತ್ತಿಗೆ ಆಗುವಂತೆ ಮೊದಲೇ ವ್ಯವಸ್ಥೆ ಮಾಡಿಡಬೇಕು. ಆ ವ್ಯವಸ್ಥೆ ಇರುವುದು ಹಿಡಿತದಲ್ಲಿ, ಮುಖದ ಕೋನದಲ್ಲಿ, ಟೊಂಕ-ಎದೆ-ಕೈಗಳ ಸರದಿಯಲ್ಲಿ ಮತ್ತು ಕೈಗಳು ಸಾಗುವ ದಾರಿಯಲ್ಲಿ.

ಕೋನ ಬೇಗ ಬಿಚ್ಚಿದರೆ ವೇಗ ಕಡಿಮೆಯಾಗುವುದು ಯಾಕೆ? 1968ರಲ್ಲಿ ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಸ್ವಿಂಗನ್ನು ಎರಡು ಕೋಲುಗಳ ಮಾದರಿಯಾಗಿ ವಿವರಿಸಿದರು: ಭುಜದಿಂದ ತೂಗುವ ಎಡಗೈ ಒಂದು ಕೋಲು, ಅದರ ತುದಿಗೆ ಕೀಲಿನಂತೆ ಸೇರಿಕೊಂಡ ಕ್ಲಬ್ ಇನ್ನೊಂದು. ಕೈಯ ಉದ್ದ 65 ಸೆಂ.ಮೀ., ಕೈಯಿಂದ ತಲೆಯವರೆಗೆ 105 ಸೆಂ.ಮೀ. ಅಂತ ಇಟ್ಟುಕೊಳ್ಳಿ. ನಡುವಿನ ಕೋನ 90 ಡಿಗ್ರಿ ಇದ್ದಾಗ ಭುಜದಿಂದ ಕ್ಲಬ್‌ಹೆಡ್‌ಗೆ ನೇರ ದೂರ ಸುಮಾರು 123 ಸೆಂ.ಮೀ. ಕೋನ ಪೂರ್ತಿ ಬಿಚ್ಚಿದಾಗ 170 ಸೆಂ.ಮೀ. ತಿರುಗಿಸಲು ಎಷ್ಟು ಕಷ್ಟ ಎಂಬುದು ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.70ರ ವರ್ಗ 2.89, 1.23ರ ವರ್ಗ ಸುಮಾರು 1.51. ಅಂದರೆ 200 ಗ್ರಾಂ ತೂಕದ ಅದೇ ತಲೆ, ಕೋನ ಬಿಚ್ಚಿದ ಕೂಡಲೇ ಭುಜಕ್ಕೆ ಹತ್ತಿರಹತ್ತಿರ ಎರಡು ಪಟ್ಟು ಭಾರವಾಗುತ್ತದೆ. ಮೇಲಿನಿಂದ ಇಳಿಯಲು ಆರಂಭಿಸಿದಾಗಲೇ ಮಣಿಕಟ್ಟು ಬಿಚ್ಚಿದವರು ಇಡೀ ದಾರಿಯುದ್ದಕ್ಕೂ ಆ ದುಪ್ಪಟ್ಟು ಭಾರವನ್ನೇ ಎಳೆಯುತ್ತ ಬರುತ್ತಾರೆ. ಕೈಗೆ ವೇಗ ಬರುವುದಿಲ್ಲ, ಕ್ಲಬ್‌ಗೆ ದಾಟಿಸಲು ಏನೂ ಉಳಿದಿರುವುದಿಲ್ಲ. ಕ್ಲಬ್‌ಹೆಡ್ ತನ್ನ ಗರಿಷ್ಠ ವೇಗವನ್ನು ಬಲಗಾಲಿನ ಹತ್ತಿರವೇ ಮುಟ್ಟಿ, ಚೆಂಡಿನ ಬಳಿ ಬರುವಾಗ ಇಳಿಮುಖವಾಗಿರುತ್ತದೆ. ಇದಕ್ಕೇ ಕಾಸ್ಟಿಂಗ್ ಅಂತ ಹೆಸರು. ಗಾಳ ಎಸೆಯುವ ಹಾಗೆ ಮೇಲಿನಿಂದಲೇ ಎಸೆದುಬಿಡುವುದು.

ಹಾಗಾದರೆ ಕೋನವನ್ನು ಎಷ್ಟು ಹೊತ್ತು ಹಿಡಿದಿಟ್ಟರೆ ಅಷ್ಟು ಒಳ್ಳೆಯದೇ? ಅಲ್ಲ. ಕ್ಲಬ್ ಬಿಚ್ಚಿಕೊಂಡು ವೇಗ ಗಳಿಸಲು ಅದಕ್ಕೂ ಸಮಯ ಬೇಕು. ಬಿಗಿಯಾಗಿ ತಡೆಹಿಡಿದರೆ ಚೆಂಡಿನ ಬಳಿ ಬಂದಾಗಲೂ ಕೋನ ಪೂರ್ತಿ ಬಿಚ್ಚಿರುವುದಿಲ್ಲ. ಕೈಗಳು ಚೆಂಡನ್ನು ದಾಟಿ ಒಂದು ಗೇಣು ಮುಂದೆ, ಕ್ಲಬ್‌ನ ತಲೆ ಇನ್ನೂ ಹಿಂದೆ, ಮುಖ ತೆರೆದುಕೊಂಡು ಬಲಕ್ಕೆ ನೋಡುತ್ತಿರುತ್ತದೆ. ಚೆಂಡು ತಗ್ಗಾಗಿ ಬಲಕ್ಕೆ ಹೋಗುತ್ತದೆ ಅಥವಾ ಸ್ಲೈಸ್ ಆಗುತ್ತದೆ, ಅಂದರೆ ಗಾಳಿಯಲ್ಲಿ ಬಲಕ್ಕೆ ಬಾಗುತ್ತದೆ. ವೇಗವೂ ಗರಿಷ್ಠಕ್ಕೆ ಏರಿರುವುದಿಲ್ಲ. ಅದು ಏರುವುದು ಎಡಗಾಲಿನಾಚೆ, ಚೆಂಡು ಹೋದ ಮೇಲೆ.

ಸಮಾಧಾನದ ಸಂಗತಿಯೂ ಒಂದಿದೆ. ಯಾವುದೇ ಏರಿಳಿತದ ತುತ್ತತುದಿ ಸ್ವಲ್ಪ ಚಪ್ಪಟೆಯಾಗಿಯೇ ಇರುತ್ತದೆ. ಗರಿಷ್ಠ ವೇಗ ಚೆಂಡಿಗಿಂತ ಎರಡು-ಮೂರು ಮಿಲಿಸೆಕೆಂಡು ಮುಂಚೆ ಬಂದರೆ ವೇಗದಲ್ಲಿ ಹೆಚ್ಚು ನಷ್ಟವಿಲ್ಲ. ಆದರೆ ಅಷ್ಟರಲ್ಲೇ ಲಾಫ್ಟ್ ಮತ್ತು ಮುಖದ ದಿಕ್ಕು ನಾಲ್ಕಾರು ಡಿಗ್ರಿ ಬದಲಾಗಿರುತ್ತವೆ. ಹಾಗಾಗಿ ಸಣ್ಣ ತಪ್ಪಿನ ದಂಡವನ್ನು ಮೊದಲು ಕಟ್ಟುವುದು ಹೊಡೆತದ ಗುಣಮಟ್ಟ, ವೇಗ ಆಮೇಲೆ. ವೇಗದ ಹಿಂದೆ ಬಿದ್ದವರು ಇದನ್ನು ಮರೆಯುತ್ತಾರೆ.

ಈಗ ಕೋನ ತಾನಾಗಿಯೇ ಬಿಚ್ಚುವುದು ಹೇಗೆ ಎಂಬುದಕ್ಕೆ ಬರೋಣ, ಏಕೆಂದರೆ ಕೀಲಿ ಇರುವುದು ಇಲ್ಲಿ. ನೀವು ಗ್ರಿಪ್ (ಕ್ಲಬ್‌ನ ಹಿಡಿಕೆ) ಹಿಡಿದು ಎಳೆಯುವ ದಿಕ್ಕಿಗೂ ಕ್ಲಬ್ ಚಾಚಿಕೊಂಡಿರುವ ದಿಕ್ಕಿಗೂ ಹೊಂದಿಕೆ ಇದ್ದಷ್ಟು ಹೊತ್ತು ಕ್ಲಬ್ ಸುಮ್ಮನೆ ಹಿಂದೆ ಬರುತ್ತದೆ. ಕೈಗಳು ಬಲತೊಡೆಯ ಹತ್ತಿರ ಬಂದು ಎಡಕ್ಕೆ, ಆಮೇಲೆ ಮೇಲಕ್ಕೆ ತಿರುವು ತೆಗೆದುಕೊಂಡಾಗ ಎಳೆತದ ದಿಕ್ಕು ಬದಲಾಗುತ್ತದೆ. ಕ್ಲಬ್ ಮಾತ್ರ ಇನ್ನೂ ಹಳೆಯ ದಿಕ್ಕಿನಲ್ಲೇ ಇರುತ್ತದೆ. ಆಗ ಅದು ಎಳೆತದ ಸಾಲಿಗೆ ಬರಲು ಹೊರಕ್ಕೆ ಬೀಸಿಕೊಳ್ಳುತ್ತದೆ. ಬೀಸಿಕೊಳ್ಳುತ್ತಲೇ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಕೈ ನಿಧಾನವಾಗುವುದು ಅದಕ್ಕೇ, ಬೇಕೆಂದೇ ಬ್ರೇಕ್ ಹಾಕಬೇಕಿಲ್ಲ. ಕೈಗಳು ಸಾಗುವ ಈ ದಾರಿ ಸರಿಯಾದ ವೃತ್ತವಲ್ಲ, ಅದರ ತ್ರಿಜ್ಯ ಇಳಿಯುವಾಗ ಬದಲಾಗುತ್ತ ಹೋಗುತ್ತದೆ ಎಂದು 2009ರಲ್ಲಿ ಸ್ಟೀವನ್ ನೆಸ್ಬಿಟ್ ಮತ್ತು ರಯಾನ್ ಮೆಕ್‌ಗಿನಿಸ್ ಅಳೆದು ತೋರಿಸಿದ್ದಾರೆ. ಆರಂಭದಲ್ಲಿ ಅಗಲ, ಕೊನೆಯಲ್ಲಿ ಬಿಗಿ ತಿರುವು. ತಿರುವು ಬಿಗಿಯಾದಷ್ಟು ಬೀಸು ಜೋರು. ಒಳ್ಳೆಯ ಆಟಗಾರರ ಎಡಗಾಲು ಇಂಪ್ಯಾಕ್ಟ್ ಹೊತ್ತಿಗೆ, ಅಂದರೆ ಚೆಂಡಿಗೆ ತಾಗುವಾಗ, ನೇರವಾಗಿ, ಎಡಭುಜ ಮೇಲಕ್ಕೆ ಏಳುವುದನ್ನು ನೋಡಿರಬಹುದು. ಆ ಏಳುವಿಕೆ ಗ್ರಿಪ್ಪನ್ನು ಒಳಕ್ಕೂ ಮೇಲಕ್ಕೂ ಎಳೆದು ತಲೆಗೆ ಇನ್ನಷ್ಟು ವೇಗ ಕೊಡುತ್ತದೆ. ಜೋಕಾಲಿಯಲ್ಲಿ ಕೆಳಗೆ ಬರುವಾಗ ಎದ್ದು ನಿಂತು ಜೀಕಿದರೆ ಏರು ಹೆಚ್ಚುತ್ತದಲ್ಲ, ಅದೇ ನಿಯಮ.

ಆ ಹೊತ್ತಿನಲ್ಲಿ ಕೈಗೆ ಎಷ್ಟು ಜಗ್ಗುತ್ತದೆ ಗೊತ್ತೇ? 0.2 ಕೆ.ಜಿ. ತಲೆ, ಸೆಕೆಂಡಿಗೆ 45 ಮೀಟರ್ ವೇಗ, ಸುಮಾರು ಒಂದೂವರೆ ಮೀಟರ್ ತಿರುವು ಅಂತ ಹಿಡಿದರೆ 270 ನ್ಯೂಟನ್, ಅಂದರೆ 27 ಕೆ.ಜಿ. ಚೀಲದಷ್ಟು ತೂಕ. ತಲೆಯೊಂದರ ಲೆಕ್ಕವೇ ಇಷ್ಟು, ಶಾಫ್ಟ್ ಬೇರೆ. ಇಷ್ಟು ಬಲ ಹೊರಕ್ಕೆ ಎಳೆಯುತ್ತಿರುವಾಗ ಮಣಿಕಟ್ಟಿನ ಸಣ್ಣ ಸ್ನಾಯುಗಳು ಕ್ಲಬ್ಬನ್ನು ಬಿಚ್ಚಿಸಬೇಕಾದ ಅಗತ್ಯವೇ ಇಲ್ಲ. ಕೊನೆಯ ಕ್ಷಣದಲ್ಲಿ ಮಣಿಕಟ್ಟಿನ ಬಲ ಕೂಡಿದರೆ ಸ್ವಲ್ಪ ಲಾಭವಿದೆ ನಿಜ, ಆದರೆ ಅದು ಮೈಯ ಸರದಿ ಸರಿಹೋದ ಮೇಲಿನ ಮಾತು.

ನಿಮ್ಮ ರಿಲೀಸ್ ಎಲ್ಲಿ ಆಗುತ್ತಿದೆ ಎಂದು ನೋಡಲು ದುಬಾರಿ ಯಂತ್ರ ಬೇಡ. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇರುವ ಫೋನ್ ಸಾಕು. ಫೋನನ್ನು ನಿಮ್ಮ ಎದೆಗೆ ಎದುರಾಗಿ, 3-4 ಮೀಟರ್ ದೂರದಲ್ಲಿ, ಕೈಗಳ ಎತ್ತರಕ್ಕೆ ಅಲುಗದಂತೆ ನಿಲ್ಲಿಸಿ. ಕೈಯಲ್ಲಿ ಹಿಡಿಸಬೇಡಿ. ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿರಬೇಕು, ಮೋಡವಿದ್ದರೆ ತಲೆ ಬರೀ ಮಸುಕು ಗೆರೆಯಾಗಿ ಕಾಣುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 4.2 ಮಿಲಿಸೆಕೆಂಡು. ಗಂಟೆಗೆ 100 ಮೈಲಿಯಲ್ಲಿ ತಲೆ ಅಷ್ಟರಲ್ಲಿ 18.6 ಸೆಂ.ಮೀ. ಸಾಗುತ್ತದೆ, 80 ಮೈಲಿಯಲ್ಲಿ 14.9 ಸೆಂ.ಮೀ. ಚೆಂಡಿನ ಹಿಂದಿನ ನಾಲ್ಕು ಚಿತ್ರಗಳಲ್ಲಿ ತಲೆಯ ಜಾಗವನ್ನು ಗುರುತು ಹಾಕಿ, ನಡುವಿನ ಅಂತರಗಳನ್ನು ಹೋಲಿಸಿ. ಅಂತರ ಹೆಚ್ಚುತ್ತಲೇ ಇದ್ದರೆ ಅಥವಾ ಕೊನೆಯೆರಡು ಸಮವಾಗಿದ್ದರೆ ಸರಿ. ಚೆಂಡಿಗೆ ಬರುವ ಮುಂಚೆಯೇ ಕಿರಿದಾಗುತ್ತಿದ್ದರೆ ರಿಲೀಸ್ ಬೇಗ ಆಗಿದೆ. ಒಂದೇ ಹೊಡೆತ ನೋಡಿ ತೀರ್ಮಾನಿಸಬೇಡಿ, ಐದಾರು ನೋಡಿ. ಚೆಂಡು ತಗುಲಿದ ನಂತರದ ಚಿತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ: 46 ಗ್ರಾಂ ಚೆಂಡನ್ನು ಓಡಿಸಿದ ಮೇಲೆ ತಲೆಯ ವೇಗ ಮೂರನೆಯ ಒಂದರಷ್ಟು ಇಳಿದಿರುತ್ತದೆ. ಇನ್ನೊಂದು ಎಚ್ಚರಿಕೆ. ಫೋನಿನ ವಿಡಿಯೋದಲ್ಲಿ ಶಾಫ್ಟ್ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಸೆನ್ಸರ್ ಸಾಲುಸಾಲಾಗಿ ಚಿತ್ರ ಓದುವುದರಿಂದ ಹಾಗೆ ಕಾಣುತ್ತದೆಯೇ ಹೊರತು ಅದು ನಿಮ್ಮ ಲ್ಯಾಗ್ ಅಲ್ಲ.

ಬಿದ್ದ ದೂರವನ್ನು ನೋಡಿ ವೇಗ ಊಹಿಸುವುದೂ ಬೇಡ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಳಿ ಸುಮಾರು 7 ಶೇಕಡಾ ತೆಳು, ಹಾಗಾಗಿ ಅದೇ ಹೊಡೆತ ಗೋವಾದ ಕಡಲ ದಂಡೆಗಿಂತ ಇಲ್ಲಿ ತುಸು ದೂರ ಹೋಗುತ್ತದೆ. ಜೂನ್‌ನಿಂದ ಘಟ್ಟದ ಕಡೆಯ ಗಾಳಿ ಬೀಸತೊಡಗಿದರೆ ಎದುರಿಗೆ ಹೊಡೆದದ್ದು, ಬೆನ್ನಿಗಿಟ್ಟುಕೊಂಡು ಹೊಡೆದದ್ದು ಎರಡೂ ಸುಳ್ಳು ಹೇಳುತ್ತವೆ.

ವಿಡಿಯೋದಲ್ಲಿ ಎರಡು ಜಾಗಗಳಲ್ಲಿ ನಿಲ್ಲಿಸಿ ನೋಡಬೇಕು. ಇಳಿಯುವಾಗ ಎಡಗೈ ನೆಲಕ್ಕೆ ಸಮಾನಾಂತರವಾದ ಚಿತ್ರ ಒಂದು. ಅಲ್ಲಿ ಕೈಗೂ ಶಾಫ್ಟ್‌ಗೂ 90 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಚೆಂಡಿಗೆ ತಾಗುವ ಚಿತ್ರ ಇನ್ನೊಂದು. ಡ್ರೈವರ್‌ನಲ್ಲಿ ಕೈ ಮತ್ತು ಶಾಫ್ಟ್ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರಬೇಕು, ಐರನ್‌ನಲ್ಲಿ (ಲೋಹದ ಚಪ್ಪಟೆ ತಲೆಯ, ಡ್ರೈವರ್‌ಗಿಂತ ಗಿಡ್ಡ ಕ್ಲಬ್) ಕೈ ತುಸು ಮುಂದಿರಬೇಕು. ಈ ಎರಡು ಚಿತ್ರಗಳಿಂದ ರೋಗದ ಜಾತಿ ಗೊತ್ತಾಗುತ್ತದೆ. ಮೊದಲ ಚಿತ್ರದಲ್ಲೇ ಕೋನ 120 ಡಿಗ್ರಿ ದಾಟಿದ್ದರೆ ಕಾಸ್ಟಿಂಗ್. ಮೊದಲ ಚಿತ್ರ ಸರಿಯಿದ್ದು ಎರಡನೆಯದರಲ್ಲಿ ತಲೆ ಕೈಯನ್ನು ದಾಟಿ ಮುಂದೆ ಹೋಗಿದ್ದರೆ, ಎದೆ ತಿರುಗುವುದನ್ನು ನಿಲ್ಲಿಸಿದ್ದರಿಂದ ಕೈಗಳೂ ನಿಂತು ಮಣಿಕಟ್ಟು ಮಡಚಿಕೊಂಡಿದೆ, ಅಂದರೆ ಫ್ಲಿಪ್. ಚೆಂಡಿನ ಮೇಲೆ ಎರಡರ ಪರಿಣಾಮವೂ ಒಂದೇ ಥರ ಕಾಣುತ್ತದೆ: ಚೆಂಡಿಗೆ ಮುಂಚೆಯೇ ಮಣ್ಣು ಕೀಳುವುದು, ಇಲ್ಲವೇ ಚೆಂಡಿನ ನೆತ್ತಿಗೆ ಸವರುವುದು, ಮೇಲಕ್ಕೆ ಹೋಗಿ ಸತ್ತಂತೆ ಬೀಳುವುದು. ಔಷಧ ಮಾತ್ರ ಬೇರೆ. ಫ್ಲಿಪ್ ಮಾಡುವವರಿಗೆ ‘ಲ್ಯಾಗ್ ಹೆಚ್ಚಿಸು’ ಅಂದರೆ ಅವರು ಇನ್ನೂ ಜೋರಾಗಿ ಫ್ಲಿಪ್ ಮಾಡುತ್ತಾರೆ. ಅವರಿಗೆ ಬೇಕಾದದ್ದು ಎದೆ ಮತ್ತು ಎಡಟೊಂಕ ನಿಲ್ಲದೆ ತಿರುಗುವುದು.

ಕಾಸ್ಟಿಂಗ್‌ಗೆ ಬಹುಪಾಲು ಕಾರಣ ಮೂರು. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ಯಾರೂ ನೋಡದ ಕಾರಣ: ಮೇಲೆ ಹೋದಾಗ ಕ್ಲಬ್‌ನ ಮುಖ ತೆರೆದಿರುವುದು. ಎಡಗೈ ಹಿಡಿತ ದುರ್ಬಲವಾಗಿದ್ದು (ಸಡಿಲ ಅಂತಲ್ಲ, ಕೈ ಗುರಿಯ ಕಡೆಗೆ ಹೊರಳಿ ಕೂತಿರುವುದು) ಎಡ ಮಣಿಕಟ್ಟು ಹಿಂದಕ್ಕೆ ಬಾಗಿದ್ದರೆ ಮುಖ ತೆರೆದುಕೊಳ್ಳುತ್ತದೆ. ಅದನ್ನು ಹೇಗಾದರೂ ನೇರ ಮಾಡಬೇಕೆಂದು ಕೈಗೆ ಗೊತ್ತು, ಹಾಗಾಗಿ ಅದು ಬೇಗನೆ ಎಸೆಯುತ್ತದೆ. ಇಲ್ಲಿ ಬೇಗ ರಿಲೀಸ್ ಮಾಡುವುದು ತಪ್ಪಲ್ಲ, ಇನ್ನೊಂದು ತಪ್ಪಿಗೆ ಮೈ ಕಂಡುಕೊಂಡ ಪರಿಹಾರ. ಕ್ಲಬ್ ಹಿಡಿದು ನಿಂತಾಗ ಎಡಗೈಯ ಎರಡರಿಂದ ಎರಡೂವರೆ ಗೆಣ್ಣುಗಳು ನಿಮಗೆ ಕಾಣಬೇಕು. ಗ್ರಿಪ್ ಅಂಗೈ ನಡುವೆ ಅಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಇಷ್ಟು ಸರಿಮಾಡಿದ ಮೇಲೆ ಒಂದು ವಾರ ಚೆಂಡು ಎಡಕ್ಕೆ ಹೋಗುತ್ತದೆ. ಹೋಗಲಿ. ಇನ್ನು ಬೇಗ ಎಸೆಯುವ ಅಗತ್ಯವಿಲ್ಲ ಎಂಬುದನ್ನು ಕೈ ಕಲಿಯುತ್ತಿರುವ ಲಕ್ಷಣ ಅದು.

ಎರಡನೆಯದು ಬಲಗೈ. ಇಲ್ಲಿ ಗಾಲ್ಫ್‌ಗೆ ಬರುವ ಬಹಳಷ್ಟು ಜನ ಕ್ರಿಕೆಟ್ ಆಡಿ ಬಂದವರು. ಒಂದೂಕಾಲು ಕೆ.ಜಿ. ಬ್ಯಾಟನ್ನು ಕೆಳಗಿನ ಕೈಯಿಂದ ತಳ್ಳಿ ಅಭ್ಯಾಸವಾದ ಕೈ, 310 ಗ್ರಾಂ ಡ್ರೈವರ್ ಸಿಕ್ಕಾಗಲೂ ತಳ್ಳುತ್ತದೆ. ಬಲಗೈ ಮೇಲಿನಿಂದ ತಳ್ಳಿದ ತಕ್ಷಣ ಕೋನ ಬಿಚ್ಚುತ್ತದೆ. ಆದರೆ ಕ್ರಿಕೆಟ್‌ನಿಂದಲೇ ತರಬಹುದಾದ ಒಂದು ಒಳ್ಳೆಯ ಅಭ್ಯಾಸವಿದೆ: ಬೌಂಡರಿ ಗೆರೆಯಿಂದ ಕೀಪರ್‌ಗೆ ಚೆಂಡು ಎಸೆಯುವುದು. ಅಲ್ಲಿ ಎಡಗಾಲು ಊರಿ, ಟೊಂಕ ತಿರುಗಿ, ಆಮೇಲೆ ಮೊಣಕೈ, ಕಡೆಗೆ ಕೈ. ಬ್ಯಾಟ್ ಮರೆತು ಥ್ರೋ ನೆನಪಿಟ್ಟುಕೊಂಡವರು ಬೇಗ ಕಲಿಯುತ್ತಾರೆ.

ಮೂರನೆಯದು ಬಿಗಿಹಿಡಿತ. ಹತ್ತಕ್ಕೆ ನಾಲ್ಕರಷ್ಟು ಬಿಗಿ ಸಾಕು. ಮುಂಗೈ ಗಟ್ಟಿಯಾದರೆ ಮಣಿಕಟ್ಟು ಕೀಲಾಗಿ ಉಳಿಯುವುದಿಲ್ಲ, ಕಬ್ಬಿಣದ ಸರಳಿನಂತಾಗುತ್ತದೆ. ನಮ್ಮ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಇದು ಹೆಚ್ಚು. ಗ್ರಿಪ್ ಜಾರುತ್ತದೆಂಬ ಹೆದರಿಕೆಗೆ ಎಲ್ಲರೂ ಹಿಸುಕಿ ಹಿಡಿಯುತ್ತಾರೆ. ಚರ್ಮದ ಕೈಗವಸು ತೊಯ್ದರೆ ಜಾರುತ್ತದೆ, ಮಳೆಗೆಂದೇ ಮಾಡಿದ ಬಟ್ಟೆಯ ಕೈಗವಸು ತೊಯ್ದಾಗಲೇ ಚೆನ್ನಾಗಿ ಹಿಡಿಯುತ್ತದೆ. ಛತ್ರಿಯ ಕಡ್ಡಿಗೆ ಒಂದು ಒಣ ಟವೆಲ್ ಕಟ್ಟಿಕೊಳ್ಳಿ. ಬೇಸಗೆಯಲ್ಲೂ ಬೆವರು-ಧೂಳು ಸೇರಿ ರಬ್ಬರ್ ನುಣುಪಾಗುತ್ತದೆ. ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಿದರೆ ಹಿಡಿತ ಮರಳುತ್ತದೆ. ಸವೆದು ಹೊಳೆಯುತ್ತಿದ್ದರೆ ಬದಲಿಸಿ.

ಅಭ್ಯಾಸಗಳು ಹತ್ತಾರಿವೆ, ಮೂರು ಸಾಕು.

ಡ್ರೈವರನ್ನು ತಲೆಕೆಳಗು ಮಾಡಿ, ತಲೆಯ ಪಕ್ಕದ ಶಾಫ್ಟನ್ನು ಹಿಡಿದು ಬೀಸಿ. ಹಗುರಾದ್ದರಿಂದ ‘ಸುಂಯ್’ ಎಂಬ ಸದ್ದು ಸ್ಪಷ್ಟ ಕೇಳುತ್ತದೆ. ಸದ್ದು ಬಲಭುಜದ ಬಳಿ ಬಂದರೆ ಬೇಗ ಬಿಚ್ಚಿದ್ದೀರಿ, ಚೆಂಡಿನ ಜಾಗದಲ್ಲೋ ಅದರಾಚೆ ಎಡಪಾದದ ಮುಂದೋ ಬರಬೇಕು. ಸದ್ದನ್ನು ಮುಂದೆ ತಳ್ಳಲು ಮಣಿಕಟ್ಟನ್ನು ತಡೆಯಬೇಡಿ, ಎಡಟೊಂಕವನ್ನು ಬೇಗ ಆರಂಭಿಸಿ. ಹತ್ತು ಬೀಸು, ನಡುವೆ ಉಸಿರು ತೆಗೆದುಕೊಂಡು ಮತ್ತೆ ಹತ್ತು. ನೆರೆಮನೆಯವರಿಗೆ ತೊಂದರೆಯಿಲ್ಲದೆ ಟೆರೇಸಿನಲ್ಲೇ ಮಾಡಬಹುದು.

ಎರಡನೆಯದು ಹೆಜ್ಜೆ ಅಭ್ಯಾಸ. 7 ಐರನ್, ಎರಡೂ ಪಾದ ಜೋಡಿಸಿ ನಿಲ್ಲಿ. ಕ್ಲಬ್ ಇನ್ನೂ ಮೇಲಕ್ಕೆ ಹೋಗುತ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆ ಇಟ್ಟು ಊರಿ, ಆಮೇಲೆ ಬೀಸಿ. ಕ್ಲಬ್ ಮೇಲೆ, ಕಾಲು ಕೆಳಗೆ: ಒಂದೇ ಕ್ಷಣದಲ್ಲಿ ಎರಡು ದಿಕ್ಕಿನ ಎಳೆತ. ಕೋನ ಉಳಿಯುವುದು ಇದರಿಂದ. ಹೆಜ್ಜೆ ಇಟ್ಟ ಮೇಲೆ ನಿಂತು ಯೋಚಿಸಿದರೆ ಅಭ್ಯಾಸ ವ್ಯರ್ಥ. ಮೊದಲ ಹತ್ತು ಚೆಂಡಿಲ್ಲದೆ, ನಂತರ ಹದಿನೈದು ಚೆಂಡು, ಮುಕ್ಕಾಲು ವೇಗದಲ್ಲಿ.

ಮೂರನೆಯದು ಬಲಗೈ ತಳ್ಳುವವರಿಗೆ. 9 ಐರನ್‌ನಲ್ಲಿ ಎರಡು ಕೈಗಳ ನಡುವೆ 10 ಸೆಂ.ಮೀ. ಅಂತರ ಬಿಟ್ಟು ಹಿಡಿದು, ಟೊಂಕದ ಎತ್ತರದಿಂದ ಟೊಂಕದ ಎತ್ತರಕ್ಕೆ ಮಾತ್ರ ಬೀಸಿ. ಬಲಗೈ ತಳ್ಳಿದರೆ ಗ್ರಿಪ್‌ನ ತುದಿ ಹಿಂದಕ್ಕೆ ಒದೆಯುವುದು ಈ ಹಿಡಿತದಲ್ಲಿ ಕೂಡಲೇ ತಿಳಿಯುತ್ತದೆ. ದಿನಕ್ಕೆ ಇಪ್ಪತ್ತು. ಹೆಚ್ಚು ಮಾಡಿದರೆ ಎಡ ಮೊಣಕೈ ನೋಯುತ್ತದೆ.

ಕೆಂಪು ಮಣ್ಣು ಒಣಗಿ ಕಲ್ಲಾಗಿರುವ ಮಾರ್ಚ್-ಏಪ್ರಿಲ್‌ನಲ್ಲಿ ಐರನ್ ಅಭ್ಯಾಸವನ್ನು ನೇರ ನೆಲದ ಮೇಲೆ ಮಾಡಬೇಡಿ. ಚೆಂಡಿಗೆ ಮುಂಚೆ ನೆಲಕ್ಕೆ ಬಡಿದರೆ ಮಣಿಕಟ್ಟಿಗೆ ಪೆಟ್ಟು ಬೀಳುತ್ತದೆ, ಆ ನೋವಿನ ಹೆದರಿಕೆಗೆ ಕೈ ಮತ್ತೆ ಮೇಲಿನಿಂದಲೇ ಎಸೆಯಲು ಶುರುಮಾಡುತ್ತದೆ. ಚಾಪೆ ಹಾಸಿಕೊಳ್ಳಿ, ಅಥವಾ ಚೆಂಡನ್ನು ಅರ್ಧ ಇಂಚು ಟೀ (ಚೆಂಡು ಇಡುವ ಸಣ್ಣ ಗೂಟ) ಮೇಲೆ ಇಡಿ. ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಡಿವಟ್ (ಕ್ಲಬ್ ಮಣ್ಣು ಕಿತ್ತ ಗುರುತು) ನೋಡುವುದು ಒಳ್ಳೆಯ ಪರೀಕ್ಷೆ. ಚೆಂಡಿನ ಜಾಗದಲ್ಲಿ ಸುಣ್ಣದ ಗೆರೆ ಎಳೆದು, ಚೆಂಡಿಲ್ಲದೆ 7 ಐರನ್‌ನಲ್ಲಿ ಹತ್ತು ಸಲ ಬೀಸಿ. ಮಣ್ಣು ಗೆರೆಯ ಎಡಕ್ಕೆ ಏಳು-ಎಂಟು ಸಲ ಎದ್ದರೆ ಡ್ರೈವರ್‌ಗೆ ಹೋಗಬಹುದು. ನಾಲ್ಕೈದೇ ಆದರೆ ಇನ್ನೂ ಒಂದು ವಾರ ಹೆಜ್ಜೆ ಅಭ್ಯಾಸ, ಆಮೇಲೆ ಅದೇ ಜಾಗದಲ್ಲಿ ಅದೇ ಎತ್ತರಕ್ಕೆ ಫೋನ್ ಇಟ್ಟು ಮತ್ತೆ ನಾಲ್ಕು ಚಿತ್ರಗಳ ಅಂತರ ಅಳೆಯಿರಿ.